ಗೂಡಿಗೆ ಬೆಲೆ ಕಟ್ಟುವ ಕ್ಯಾಮೆರಾ ಹೇಗಿರಬೇಕು?

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಿಗೆ ಮುನ್ನ ರೀಲರುಗಳು ಒಂದು ಹಿಡಿ ಗೂಡು ಎತ್ತಿ, ಬೆರಳಿನಿಂದ ಅದುಮಿ, ಕಿವಿಯ ಬಳಿ ಅಲುಗಾಡಿಸಿ, ಬಣ್ಣ ನೋಡಿ ದರ ನಿರ್ಧರಿಸುತ್ತಾರೆ. ಚನ್ನಪಟ್ಟಣ, ಕನಕಪುರ, ಮಾಗಡಿಯ ಬೆಳೆಗಾರರ ಸುಮಾರು ಒಂದು ತಿಂಗಳ ದುಡಿಮೆಯ ಬೆಲೆ ತೀರ್ಮಾನವಾಗುವುದು ಈ ಕೆಲವು ಕ್ಷಣಗಳಲ್ಲಿ. ಹರಾಜು ವಿದ್ಯುನ್ಮಾನವಾಗಿದೆ, ಗುಣಪರೀಕ್ಷೆ ಮಾತ್ರ ಬಹುಮಟ್ಟಿಗೆ ಇನ್ನೂ ಅಂದಾಜಿನದೇ.

ಈ ಅಂದಾಜಿಗೆ ಆಧಾರ ಒದಗಿಸಲು ಕ್ಯಾಮೆರಾ ಮತ್ತು ಕಂಪ್ಯೂಟರ್ ನೆರವಾಗಬಲ್ಲವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಇಂಥ ಉಪಕರಣ ಕೊಳ್ಳುವಾಗ ‘ಎಷ್ಟು ಮೆಗಾಪಿಕ್ಸೆಲ್?’ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಮೊದಲು ಕೇಳಬೇಕಾದದ್ದು ‘ಏನನ್ನು ಅಳೆಯಬೇಕು?’ ಎಂದು.

ಲೆಕ್ಕ ಸರಳ. 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತಟ್ಟೆಯಲ್ಲಿ ಗೂಡುಗಳನ್ನು ಒಂದೇ ಪದರವಾಗಿ ಹರಡಿ, 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆದರೆ ಪ್ರತಿ ಮಿಲಿಮೀಟರಿಗೆ 10 ಪಿಕ್ಸೆಲ್ ದೊರೆಯುತ್ತವೆ. ಕಲೆಗೂಡು, ಜೋಡಿಗೂಡು, ವಿಕಾರಗೊಂಡ ಗೂಡು ಗುರುತಿಸಲು ಇಷ್ಟು ಧಾರಾಳ. ಇದಕ್ಕಿಂತ ಹೆಚ್ಚಿನ ಪಿಕ್ಸೆಲ್‌ಗೆ ಸುರಿಯುವ ಹಣವನ್ನು ಒಳ್ಳೆಯ ಮಸೂರ, ಅಲುಗಾಡದ ಸ್ಟ್ಯಾಂಡ್ ಮತ್ತು ಏಕರೂಪದ ಬೆಳಕಿಗೆ ವಿನಿಯೋಗಿಸುವುದು ವಿವೇಕ.

ಬೆಳಕಿನ ಮಾತು ಕ್ಷುಲ್ಲಕವಲ್ಲ. ದ್ವಿತಳಿ ಗೂಡು ಬಿಳಿ, ಮಿಶ್ರತಳಿ ಗೂಡು ಹಳದಿ ಛಾಯೆಯದು. ಮೊಬೈಲ್ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಬಣ್ಣ ಸರಿಪಡಿಸಿ ಚಿತ್ರವನ್ನು ಚೆಂದಗೊಳಿಸುತ್ತದೆ. ಕಣ್ಣಿಗೆ ಹಿತವಾದ ಆ ತಿದ್ದುಪಡಿ ವಿಜ್ಞಾನದ ದೃಷ್ಟಿಯಲ್ಲಿ ದೋಷ. ಬೆಳಗ್ಗೆ ಬಿಳಿಯಾಗಿ ಕಂಡ ಗೂಡು ಸಂಜೆ ಹಳದಿಯಾಗಿ ಕಂಡರೆ ನಷ್ಟ ಯಾರಿಗೆ? ಆದ್ದರಿಂದ ಸ್ವಯಂಚಾಲಿತ ಹೊಂದಾಣಿಕೆಗಳನ್ನು ನಿಲ್ಲಿಸಲು ಬರುವ, ಸಂಸ್ಕರಿಸದ ಮೂಲಚಿತ್ರ ಕೊಡುವ ಕ್ಯಾಮೆರಾವನ್ನೇ ಆರಿಸಬೇಕು. ಪ್ರತಿ ಚಿತ್ರದಲ್ಲೂ ಒಂದು ಅಳತೆಪಟ್ಟಿ ಮತ್ತು ಬೂದುಬಣ್ಣದ ಮಾದರಿ ಹಲಗೆ ಇರಬೇಕು.

ಕಂಪ್ಯೂಟರಿನ ವಿಷಯದಲ್ಲೂ ಆಡಂಬರ ಅನಗತ್ಯ. ಗೂಡು ಎಣಿಸಿ, ಅಳತೆ ತೆಗೆದು, ಬಣ್ಣ ಹೋಲಿಸಲು ಸಾಧಾರಣ ಕಂಪ್ಯೂಟರೇ ಸಾಕು. ಇಮೇಜ್‌ಜೆ, ಓಪನ್‌ಸಿವಿಯಂಥ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಯಂತ್ರಕ್ಕೆ ಸಾವಿರಾರು ಚಿತ್ರ ತೋರಿಸಿ ಕಲಿಸುವ ಹಂತದಲ್ಲಿ. ಆ ಕೆಲಸ ಸಂಶೋಧನಾ ಸಂಸ್ಥೆಯಲ್ಲಿ ನಡೆದರಾಯಿತು. ಮಾರುಕಟ್ಟೆಗೆ ಬೇಕಾದದ್ದು ಸಂಗ್ರಹ ಸಾಮರ್ಥ್ಯ. 12 ಮೆಗಾಪಿಕ್ಸೆಲ್‌ನ ಸಂಕುಚಿತಗೊಳಿಸದ ಒಂದು ಬಣ್ಣದ ಚಿತ್ರ ಸುಮಾರು 36 ಎಂಬಿ. ಸಾವಿರ ಚಿತ್ರಕ್ಕೆ 36 ಜಿಬಿ.

ಕ್ಯಾಮೆರಾದ ಮಿತಿಯನ್ನೂ ಮರೆಯುವಂತಿಲ್ಲ. ಅದು ಕಾಣುವುದು ಗೂಡಿನ ಮೈಯನ್ನು ಮಾತ್ರ. ಕೆಳಗಿನಿಂದ ಬೆಳಕು ಹಾಯಿಸಿದರೆ ಒಳಗಲೆ ಒಂದಿಷ್ಟು ಕಂಡೀತು. ಆದರೆ ನೂಲಿನ ಇಳುವರಿಯನ್ನು ಸೂಚಿಸುವ ಚಿಪ್ಪಿನ ಪ್ರಮಾಣ ತಿಳಿಯಲು ಗೂಡು ಕತ್ತರಿಸಿ, ಹುಳು ತೆಗೆದು, ಚಿಪ್ಪನ್ನು ತೂಗಲೇಬೇಕು. ಮಾದರಿಯನ್ನು ರಾಶಿಯ ಮೇಲ್ಭಾಗದಿಂದಷ್ಟೇ ಆಯ್ದರೆ ಎಂಥ ಯಂತ್ರವೂ ಸುಳ್ಳನ್ನೇ ಹೇಳುತ್ತದೆ. ರೀಲರನ ಬೆರಳಿನ ಅನುಭವವನ್ನು ಕಡೆಗಣಿಸಿ ಕಟ್ಟಿದ ವ್ಯವಸ್ಥೆ ರೀಲರನ ವಿಶ್ವಾಸವನ್ನೂ ಗಳಿಸದು.

ಕೊನೆಯದಾಗಿ, ಇದು ನ್ಯಾಯದ ಪ್ರಶ್ನೆಯೂ ಹೌದು. ಮಾರುಕಟ್ಟೆಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಬೆಲೆಯನ್ನು ಪ್ರಭಾವಿಸುವ ಕ್ಯಾಮೆರಾಕ್ಕೂ ಅಂಥದೇ ನಿಯತ ತಪಾಸಣೆ ಬೇಡವೇ? ಮೂಲಚಿತ್ರವನ್ನು ಉಳಿಸಿಡಬೇಕು, ಬೆಳೆಗಾರ ಕೇಳಿದರೆ ತೋರಿಸಬೇಕು, ತಕರಾರಿದ್ದರೆ ಅವನ ಎದುರಿಗೇ ಮರುಪರೀಕ್ಷೆ ನಡೆಸಬೇಕು. ‘ಕಂಪ್ಯೂಟರೇ ಹೇಳಿದೆ’ ಎಂಬ ಒಂದೇ ಮಾತಿನಿಂದ ರೈತನ ಬಾಯಿ ಮುಚ್ಚಿಸುವುದಾದರೆ ಹಳೆಯ ಕೈಪರೀಕ್ಷೆಯೇ ಮೇಲು. ಅಲ್ಲಿ ಚೌಕಾಶಿಗಾದರೂ ಎದುರಿಗೊಬ್ಬ ಮನುಷ್ಯನಿರುತ್ತಾನೆ.