ಹಸಿರು ಚುಕ್ಕೆ ಹೇಳದ ಮಾತು

2024ರ ಅಕ್ಟೋಬರ್ ಕೊನೆಯಲ್ಲಿ ಹೈದರಾಬಾದಿನಲ್ಲಿ ಬೀದಿಬದಿಯ ಮೊಮೊ ತಿಂದ ಮಹಿಳೆಯೊಬ್ಬರು ಅಸುನೀಗಿದರು. ಹಲವರು ಆಸ್ಪತ್ರೆ ಸೇರಿದರು. ಅದೇ ತಿಂಗಳ 30ರಂದು ತೆಲಂಗಾಣ ಸರ್ಕಾರವು ಹಸಿ ಮೊಟ್ಟೆಯಿಂದ ತಯಾರಿಸುವ ಮಯೋನೀಸ್‌ನ ಉತ್ಪಾದನೆ, ದಾಸ್ತಾನು ಮತ್ತು ಮಾರಾಟವನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಇಂಥ ಸುದ್ದಿ ಬಂದಾಗ ಜೈನ ಮನೆಗಳಲ್ಲಿ ಮರುಕದ ಜೊತೆಗೇ ಒಂದು ನಿರಾಳ ಭಾವವೂ ಮೂಡುತ್ತದೆ. ಮೊಟ್ಟೆಯೇ ಪ್ರವೇಶಿಸದ ಅಡುಗೆಮನೆಗೆ ಇದರಿಂದೇನು ಭಯ ಎಂಬ ಆ ನಿರಾಳವು ಎಷ್ಟು ಆಧಾರವುಳ್ಳದ್ದು ಎಂಬುದನ್ನು ಪರಿಶೀಲಿಸಬೇಕಾಗಿದೆ.

ಪೊಟ್ಟಣದ ಮೇಲಿನ ಹಸಿರು ಚುಕ್ಕೆಯು ಒಳಗಿರುವ ಪದಾರ್ಥ ಸಸ್ಯಮೂಲದ್ದೋ ಹಾಲಿನದ್ದೋ ಎಂಬುದನ್ನು ಹೇಳುತ್ತದೆಯೇ ಹೊರತು, ಅದನ್ನು ಮುಟ್ಟಿದ ಕೈ ತೊಳೆದಿತ್ತೇ ಎಂಬುದನ್ನಲ್ಲ. ಸಾಲ್ಮೊನೆಲ್ಲಾ ರೋಗಾಣುವು ಕೊಳೆನೀರು ತಾಗಿದ ಕೊತ್ತಂಬರಿ ಸೊಪ್ಪಿನಲ್ಲಿಯೂ ಬರಬಲ್ಲದು. ಆ ಸೊಪ್ಪನ್ನು ಹೆಚ್ಚಿದ ಮಣೆಯ ಮೇಲೆಯೇ ಪನೀರ್ ಕತ್ತರಿಸಿದರೆ, ಒದ್ದೆ ಬಟ್ಟೆಯೊಂದರಿಂದ ಮಣೆ, ತಟ್ಟೆ, ಕೈ ಮೂರನ್ನೂ ಒರೆಸಿದರೆ, ಸೋಂಕು ಹರಡಲು ಮಾಂಸದ ಅಗತ್ಯವೇ ಇಲ್ಲ. ಹಸಿ ಚಟ್ನಿ ಬೆಂಕಿಯನ್ನು ಕಾಣುವುದೇ ಇಲ್ಲ. ಅನ್ನದ ವಿಷಯ ಇನ್ನೂ ಸೂಕ್ಷ್ಮ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಉಳಿಯುತ್ತವೆ. ಅನ್ನವನ್ನು ಗಂಟೆಗಟ್ಟಲೆ ಹೊರಗಿಟ್ಟಾಗ ಅವು ಬೆಳೆದು, ವಾಂತಿ ತರುವ ವಿಷವನ್ನು ಉತ್ಪಾದಿಸುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ನಾಶವಾಗದು.

ಜೈನ ಶ್ರಾವಕಾಚಾರದಲ್ಲಿ ಇದಕ್ಕೆ ಹತ್ತಿರವಾದ ಶಿಸ್ತು ಇದೆ. ಗಾಳಿಸಿದ ನೀರಿಗೆ 48 ನಿಮಿಷಗಳ ಮರ್ಯಾದೆ. ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ. ರುಚಿ ಕೆಟ್ಟದ್ದು ಚಲಿತರಸ, ಆದುದರಿಂದ ಅಭಕ್ಷ್ಯ. ಈ ನಿಯಮಗಳ ಮೂಲ ಉದ್ದೇಶ ಜೀವರಕ್ಷೆ. ಪೂರ್ವಿಕರಿಗೆ ಸೂಕ್ಷ್ಮಾಣು ವಿಜ್ಞಾನ ತಿಳಿದಿತ್ತೆಂದು ಸಾರುವುದು ಅಭಿಮಾನವೇ ಹೊರತು ಸತ್ಯವಲ್ಲ. ಬಟ್ಟೆಯಲ್ಲಿ ಗಾಳಿಸಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ತಡೆಯಲ್ಪಡದು, ನೀರನ್ನು ಕುದಿಸಲೇಬೇಕು. ಆದರೆ ಆಹಾರಕ್ಕೆ ಕಾಲಮಿತಿ ಉಂಟು ಎಂಬ ವಿವೇಕ ಮಾತ್ರ ಬೆಲೆಯುಳ್ಳದ್ದು. ರೆಫ್ರಿಜರೇಟರ್ ಬಂದ ಮೇಲೆ ಆ ವಿವೇಕವೇ ಮೊದಲು ಮರೆಯಾಯಿತು.

ಉಳಿದುಕೊಂಡದ್ದು ಯಾವುದು? ಪ್ರತ್ಯೇಕತೆಯ ಬಾಹ್ಯಾಚಾರ. ಮನೆಗೆಲಸದ ಹೆಂಗಸನ್ನು ಅಡುಗೆಮನೆಯ ಹೊಸ್ತಿಲಾಚೆ ನಿಲ್ಲಿಸುವ ಮನೆಯಲ್ಲಿಯೇ, ಒಳಗಿನವರು ಶೌಚದ ನಂತರ ಸಾಬೂನು ಹಚ್ಚಿದರೇ ಎಂದು ಕೇಳುವವರಿಲ್ಲ. 2024ರ ಮಾರ್ಚ್‌ನಲ್ಲಿ ಜೊಮ್ಯಾಟೊ ಸಸ್ಯಾಹಾರಕ್ಕೆಂದೇ ಪ್ರತ್ಯೇಕ ವಿತರಣಾ ಪಡೆಯನ್ನು ಪ್ರಕಟಿಸಿ, ಟೀಕೆಯ ಬಳಿಕ ಮರುದಿನವೇ ಹಸಿರು ಸಮವಸ್ತ್ರವನ್ನು ಕೈಬಿಟ್ಟಿತು. ಅಂಗಿಯ ಬಣ್ಣದ ಬಗ್ಗೆ ದೇಶವೆಲ್ಲ ಚರ್ಚಿಸಿತು. ಅಡುಗೆಯವನ ಕೈಯ ಬಗ್ಗೆ ಅಷ್ಟು ಚರ್ಚೆ ನಡೆಯಲಿಲ್ಲ. ಶುದ್ಧಿಯನ್ನು ಜಾತಿಯಿಂದ ಅಳೆಯುವ ಸಮಾಜವು ಸೋಂಕನ್ನು ಕಾಣಲಾರದು.

ಸರ್ಕಾರದ ನಿಷೇಧ, ದಾಳಿಗಳು ಅಗತ್ಯವೇ. ಆದರೆ ಅವು ಬಹುಮಟ್ಟಿಗೆ ಅನಾಹುತದ ಅನಂತರ ಬರುವ ಕ್ರಮಗಳು. ಸಮಾಜವು ತನ್ನ ಕೈಯಲ್ಲಿರುವುದನ್ನು ಮೊದಲು ಸರಿಪಡಿಸಿಕೊಳ್ಳಬೇಕು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ಆಹಾರೋದ್ಯಮವನ್ನು ವ್ಯಾಖ್ಯಾನಿಸುವಾಗ ಲಾಭಕ್ಕಾಗಿ ನಡೆಸುವುದೋ ಅಲ್ಲವೋ ಎಂಬ ಭೇದವನ್ನು ಎಣಿಸುವುದಿಲ್ಲ. ಧರ್ಮಶಾಲೆಯ ಭೋಜನಶಾಲೆಯೂ ಸೇವೆಯ ಹೆಸರಿನಲ್ಲಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಆರಾಧನಾ ಸ್ಥಳಗಳ ಪ್ರಸಾದಕ್ಕೆಂದೇ ಆಹಾರ ಸುರಕ್ಷತಾ ಪ್ರಾಧಿಕಾರವು ‘ಭೋಗ್’ ಎಂಬ ಯೋಜನೆಯನ್ನೂ ರೂಪಿಸಿದೆ.

ಪ್ರತಿ ವರ್ಷ ಲೆಕ್ಕಪರಿಶೋಧನೆಗೆ ಒಳಪಡುವ ಟ್ರಸ್ಟುಗಳು ಅಡುಗೆಮನೆಯನ್ನೂ ಪರಿಶೋಧನೆಗೆ ಒಪ್ಪಿಸಲಿ. ನೋಡಬೇಕಾದ ಅಂಶಗಳು ಹೆಚ್ಚಿಲ್ಲ. ಹಸಿ ಪದಾರ್ಥಕ್ಕೂ ಬೆಂದದ್ದಕ್ಕೂ ಬೇರೆ ಬೇರೆ ಮಣೆ, ಚಾಕು ಇವೆಯೇ? ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇದೆಯೇ? ಬೆಂದ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಕುಳಿತಿದೆಯೇ? ವಾಂತಿಭೇದಿಯಾದ ಅಡುಗೆಯವನಿಗೆ ಸಂಬಳ ಸಹಿತ ರಜೆ ಉಂಟೇ? ಕೊನೆಯ ಪ್ರಶ್ನೆಯೇ ಮುಖ್ಯ. ದಿನಗೂಲಿ ಕಳೆದುಕೊಳ್ಳುವ ಭಯವಿರುವವನು ಕಾಯಿಲೆಯನ್ನು ಮುಚ್ಚಿಟ್ಟು ಬಡಿಸಲು ಬರುತ್ತಾನೆ.

ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದ ವೃದ್ಧೆ ಪಾರಣೆಗೆ ಕುಳಿತಾಗ, ಆಕೆಯ ಬಳಲಿದ ದೇಹಕ್ಕೆ ಕಲುಷಿತ ತುತ್ತೊಂದನ್ನು ತಾಳುವ ಶಕ್ತಿ ಇರುವುದಿಲ್ಲ. ಕಣ್ಣಿಗೆ ಕಾಣದ ಜೀವಿಗಾಗಿ ನೀರನ್ನು ಗಾಳಿಸುವ ಧರ್ಮವು, ಎದುರಿಗೆ ಕುಳಿತ ಆ ಜೀವದ ರಕ್ಷೆಯನ್ನು ಮರೆಯಬಾರದು. ಮುಂದಿನ ಪರ್ವಕ್ಕೆ ಮುನ್ನ ಪ್ರತಿ ಬಸದಿಯ ಆಡಳಿತ ಮಂಡಳಿಯೂ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆದು ಭೋಜನಶಾಲೆಯ ಬಾಗಿಲಲ್ಲಿ ಅಂಟಿಸಲಿ.