ವಿಹಾರ ಹೊರೆಯಾಗದಿರಲಿ
ಶಾಲೆಗಳಿಗೆ ರಜೆ ಬಂತೆಂದರೆ ಮಕ್ಕಳ ಮನಸ್ಸು ಬಿಡದಿ ಬಳಿಯ ವಂಡರ್‌ಲಾದತ್ತ ಓಡುತ್ತದೆ. ಪೋಷಕರ ಲೆಕ್ಕಾಚಾರವೂ ಶುರುವಾಗುತ್ತದೆ. 2005ರಲ್ಲಿ ಆರಂಭವಾದ ಈ ಮನರಂಜನಾ ಉದ್ಯಾನದ ಪ್ರವೇಶ ದರ ವಾರಾಂತ್ಯ ಹಾಗೂ ಹಬ್ಬದ ದಿನಗಳಲ್ಲಿ ಹೆಚ್ಚು. ಮಕ್ಕಳ ಟಿಕೆಟ್‌ಗೆ ಅಲ್ಲಿ ವಯಸ್ಸಲ್ಲ, ಎತ್ತರವೇ ಮಾನದಂಡ. ಮಗುವಿನ ಎತ್ತರವನ್ನು ಮನೆಯಲ್ಲೇ ಅಳೆದು, ವಾರದ ನಡುವಿನ ದಿನಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಟಿಕೆಟ್ ಪಡೆದರೆ ಹಣ ಉಳಿಯುತ್ತದೆ, ಸರದಿಯ ಬವಣೆಯೂ ತಗ್ಗುತ್ತದೆ. ಈಜುಡುಗೆ, ಟವೆಲ್ಲುಗಳನ್ನು ಜೊತೆಗೇ ಒಯ್ಯುವುದು ಜಾಣತನ.

ಆದರೆ ಎಚ್ಚರ ಗ್ರಾಹಕನ ಹೊಣೆ ಮಾತ್ರವಲ್ಲ. ಮನರಂಜನಾ ಉದ್ಯಾನಗಳ ಪ್ರವೇಶದ ಮೇಲಿನ ಜಿಎಸ್‌ಟಿ 2018ರ ಜನವರಿಯಲ್ಲಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಆದರೂ ಲಾಕರ್ ಬಾಡಿಗೆ, ಊಟ–ಉಪಾಹಾರ ಸೇರಿದಾಗ ಮಧ್ಯಮ ವರ್ಗದ ಕುಟುಂಬಕ್ಕೆ ಒಂದು ದಿನದ ವಿಹಾರವೂ ದುಬಾರಿಯೇ. ಚಿತ್ರಮಂದಿರಗಳು ಹೊರಗಿನ ತಿನಿಸನ್ನು ನಿರ್ಬಂಧಿಸಬಹುದಾದರೂ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಮಕ್ಕಳು ದಿನವಿಡೀ ಬಿಸಿಲಿನಲ್ಲಿ ಕಳೆಯುವ ಉದ್ಯಾನಗಳೂ ಇದೇ ವಿವೇಕವನ್ನು ಪಾಲಿಸುವುದು ಉಚಿತ. ತೆರಿಗೆ ಸೇರಿದಂತೆ ಒಟ್ಟು ವೆಚ್ಚವೆಷ್ಟು, ಒಳಗೆ ಯಾವುದಕ್ಕೆ ಪ್ರತ್ಯೇಕ ಶುಲ್ಕ ಎಂಬುದನ್ನು ಟಿಕೆಟ್ ಖರೀದಿಗೆ ಮುನ್ನವೇ ತಿಳಿಸಬೇಕು. ಸಂತಸ ಅರಸಿ ಹೋದವರು ಖಾಲಿ ಜೇಬಿನ ಸಂಕಟದೊಂದಿಗೆ ಮರಳುವಂತಾಗಬಾರದು.