ಬಿಲ್ಲು ಸೊನ್ನೆ, ಮನೆ ಮಾತ್ರ ಕಾದ ಹೆಂಚು

ಕಳೆದ ಏಪ್ರಿಲ್‌ನಲ್ಲಿ ಪರೀಕ್ಷೆಗೆ ಓದಿಕೊಳ್ಳಲೆಂದು ಊರಿಗೆ ಬಂದಿದ್ದೆ. ನಮ್ಮದು ಜಾವಗಲ್ ಮತ್ತು ಹಳೇಬೀಡಿನ ನಡುವಿನ ಒಂದು ಹಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಮನೆಯೊಳಗೆ ಕೂರಲಾಗದೆ ಪುಸ್ತಕ ಹಿಡಿದು ಹೊಂಗೆ ಮರದ ಕೆಳಗೆ ಬಂದರೆ, ಅಜ್ಜಿ ಆಗಲೇ ಅಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಹಿಂದಿನ ದಿನ ಅವಳು ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದಿದ್ದಳು. ‘ಬಿಸಿಲಿನ ಹೊಡೆತ, ನೆರಳಿನಲ್ಲಿರಲಿ’ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಅಜ್ಜಿ ಬಿಸಿಲಿಗೆ ಹೋಗಿಯೇ ಇರಲಿಲ್ಲ. ಅವಳಿದ್ದದ್ದು ಮನೆಯ ಸೂರಿನ ಕೆಳಗೆ.

ಆ ಸೂರು ಹತ್ತು ವರ್ಷದ ಹಿಂದೆ ನಾಡಹೆಂಚಿನದಾಗಿತ್ತು. ಕೋತಿ ಕಾಟ ತಡೆಯಲಾಗದೆ ಅಪ್ಪ ಅದನ್ನು ತೆಗೆಸಿ ಸಿಮೆಂಟ್ ಶೀಟು ಹಾಕಿಸಿದರು. ಹೆಂಚು ಕೈಯಾಡಿಸುವವರೂ ಊರಿನಲ್ಲಿ ಉಳಿದಿರಲಿಲ್ಲ. ಈಗ ಹೆಂಚು ಒಡೆಯುವ ಚಿಂತೆಯಿಲ್ಲ, ಆದರೆ ಮಾರ್ಚ್ ಬಂದರೆ ಮನೆ ಕಾದ ಕಾವಲಿಯಂತಾಗುತ್ತದೆ. ಫ್ಯಾನು ಅದೇ ಬಿಸಿಗಾಳಿಯನ್ನು ತಿರುಗಿಸಿ ನಮ್ಮ ಮೇಲೆ ಸುರಿಯುತ್ತದೆ.

ಎಲೆಕ್ಟ್ರಿಕಲ್ ಓದುವ ನಾನು ಅಪ್ಪನಿಗೆ ಬುದ್ಧಿ ಹೇಳಲು ಹೋದೆ. ‘ಈ ಹಳೇ ಫ್ಯಾನು 75 ವ್ಯಾಟ್ ಎಳೆಯುತ್ತೆ ಅಪ್ಪ, ಬಿಎಲ್‌ಡಿಸಿ ಫ್ಯಾನು ಹಾಕಿದ್ರೆ 30 ಸಾಕು’ ಎಂದೆ. ‘ನಮ್ಗೆ ಬಿಲ್ಲೇ ಬರಲ್ವಲ್ಲ ಮಗ, ಮೂರು ಸಾವಿರ ಯಾಕೆ ಸುರೀಬೇಕು?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಅಪ್ಪನ ಪ್ರಶ್ನೆಯಲ್ಲಿ ನ್ಯಾಯವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ ಹಿಂದಿನ ಸರಾಸರಿ ಬಳಕೆಯ ಲೆಕ್ಕದಲ್ಲಿ ಉಚಿತ ವಿದ್ಯುತ್ ಸಿಗುತ್ತಿದೆ. ನಮ್ಮಂಥ ಮನೆಗೆ ಅದು ದೊಡ್ಡ ಆಸರೆ. ಅದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕರೆಂಟ್ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಅದರ ಹಣವನ್ನು ಸರ್ಕಾರ ನಮ್ಮ ಪರವಾಗಿ ವಿದ್ಯುತ್ ಕಂಪನಿಗೆ ಕಟ್ಟುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದು ಫ್ಯಾನು ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 8 ತಿಂಗಳು ತಿರುಗಿದರೆ, 45 ವ್ಯಾಟ್ ಉಳಿತಾಯದಿಂದ 108 ಯೂನಿಟ್ ಮಿಗುತ್ತದೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದರೂ ವರ್ಷಕ್ಕೆ 650 ರೂಪಾಯಿ. ನಾಲ್ಕೂವರೆ ವರ್ಷದಲ್ಲಿ ಫ್ಯಾನಿನ ದುಡ್ಡು ವಾಪಸ್. ಹಳೆಯದು ಕೆಟ್ಟಾಗ ಹೇಗೂ ಹೊಸದು ಕೊಳ್ಳಲೇಬೇಕಾದ್ದರಿಂದ, ಆಗ ಬದಲಿಸಿದರೆ ಇನ್ನೂ ಬೇಗ.

ಆದರೆ ಖರ್ಚು ಅಪ್ಪನದು, ಉಳಿತಾಯ ಸರ್ಕಾರದ್ದು. ಗಂಟು ಇರುವುದು ಇಲ್ಲೇ. ಹಾಗಿದ್ದರೆ ಲಾಭ ಪಡೆಯುವವರೇ ಮೊದಲ ಬಂಡವಾಳ ಹಾಕುವುದು ನ್ಯಾಯವಲ್ಲವೇ? ಉಚಿತ ವಿದ್ಯುತ್ತಿಗೆ ಇಡುವ ಹಣದಲ್ಲಿ ಒಂದು ಸಣ್ಣ ಪಾಲನ್ನು ಫ್ಯಾನು, ಸೂರು, ವೈರಿಂಗ್ ಸರಿಪಡಿಸಲು ಮೀಸಲಿಟ್ಟರೆ, ಮುಂದಿನ ವರ್ಷಗಳಲ್ಲಿ ಕಟ್ಟಬೇಕಾದ ಹಣವೇ ಕಡಿಮೆಯಾಗುತ್ತದೆ.

ಇದು ಗಾಳಿಗೋಪುರವಲ್ಲ. ಎಲ್‌ಇಡಿ ಬಲ್ಬಿನ ವಿಷಯದಲ್ಲಿ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. 2015ರಲ್ಲಿ ಶುರುವಾದ ಉಜಾಲ ಯೋಜನೆ ನಮ್ಮ ರಾಜ್ಯಕ್ಕೆ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. ಒಂದೇ ಸಂಸ್ಥೆ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡಿದ್ದರಿಂದ, 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಇಂದು ನಮ್ಮ ದನದ ಕೊಟ್ಟಿಗೆಯಲ್ಲೂ ಎಲ್‌ಇಡಿ ಉರಿಯುತ್ತಿದೆ.

ಆದರೆ ಮನೆ ಬಲ್ಬಿನಂತಲ್ಲ. ಅಂಗಡಿಯಿಂದ ತಂದು ತಿರುಗಿಸಿ ಹಾಕುವ ವಸ್ತುವಲ್ಲ. ಪ್ರತಿ ಮನೆಯ ಸೂರು, ಗೋಡೆ, ಆದಾಯ, ಕಾಗದಪತ್ರ ಬೇರೆ ಬೇರೆ. ಕಳೆದ ವರ್ಷ ನಮ್ಮ ಮನೆಗೆ ಸೋಲಾರ್ ಏಜೆಂಟ್ ಒಬ್ಬರು ಬಂದಿದ್ದರು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ, ಅದನ್ನೇ ಹಾಕಿಸಿ ಎಂದರು. ಅವರು ನಮ್ಮ ಬಿಲ್ ನೋಡಲಿಲ್ಲ. ನಾವು ತಿಂಗಳಿಗೆ ಬಳಸುವುದು 60 ಯೂನಿಟ್. ಒಂದೇ ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಶೀಟಿನ ಸೂರು ಭಾರ ತಾಳುತ್ತದೆಯೇ ಎಂದೂ ನೋಡಲಿಲ್ಲ. ಮೀಟರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ. ಸಬ್ಸಿಡಿ ಬರುವುದು ಕೆಲಸ ಮುಗಿದ ಮೇಲೆ, ಅಲ್ಲಿಯವರೆಗೆ ಹಣವನ್ನೋ ಸಾಲವನ್ನೋ ನಾವೇ ಹೊಂದಿಸಬೇಕು. ಮಾರುವವರು ಇದ್ದರು, ಹೇಳಿಕೊಡುವವರು ಇರಲಿಲ್ಲ.

ಹಳೇಬೀಡು, ಬೇಲೂರಿನ ಗೆಳೆಯರಿಗೆ ಇನ್ನೊಂದು ತೊಡಕಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಮನೆ ದುರಸ್ತಿಗೂ ಅನುಮತಿ ಬೇಕು. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ನಮ್ಮೆಲ್ಲರ ಹೆಮ್ಮೆ. ಆದರೆ ಗುಡಿಯ ಪಕ್ಕದ ಮನೆಯವರಿಗೆ ಅರ್ಜಿ ಬರೆದುಕೊಡಲು, ಅನುಮತಿ ಸಿಗುವಂಥ ದುರಸ್ತಿ ಯಾವುದೆಂದು ತಿಳಿಸಲು ಒಬ್ಬರಾದರೂ ಬೇಡವೇ?

ಸಾಲದ ವಿಷಯದಲ್ಲೂ ಕರ್ನಾಟಕಕ್ಕೆ ಹಳೆಯ ಅನುಭವವಿದೆ. 1995ರಲ್ಲಿ ಸೆಲ್ಕೊ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ ತೋರಿಸಿಕೊಟ್ಟದ್ದು ಇದನ್ನೇ: ಬಡವರಿಗೆ ಸೋಲಾರ್ ದುಬಾರಿಯಲ್ಲ, ಅವರ ಗಳಿಕೆಗೆ ಹೊಂದದ ಕಂತು ದುಬಾರಿ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ ಜೊತೆ ಸೇರಿ ಮನೆ ಸೋಲಾರ್‌ಗೆ ಸಾಲ ಕೊಡಿಸಿತು. ನೆರವು ಹೋದದ್ದು ವಸ್ತುವಿನ ಬೆಲೆಗಲ್ಲ, ಸಾಲದ ಬಡ್ಡಿಗೆ. ಆ ನೆರವನ್ನು ಹಂತಹಂತವಾಗಿ ಇಳಿಸಿದರು. ಕೆಲವೇ ವರ್ಷಗಳಲ್ಲಿ 20 ಸಾವಿರದಷ್ಟು ಕುಟುಂಬಗಳಿಗೆ ಸಾಲ ಸಿಕ್ಕಿತು.

ಬರೀ ಸಾಲ ಕೊಟ್ಟರೆ ಸಾಲದು ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ 2013ರಲ್ಲಿ ‘ಗ್ರೀನ್ ಡೀಲ್’ ಎಂಬ ಯೋಜನೆ ಬಂತು. ಮನೆ ದುರಸ್ತಿಗೆ ಸಾಲ ತೆಗೆದುಕೊಳ್ಳಿ, ಉಳಿತಾಯವಾದಂತೆ ಕರೆಂಟ್ ಬಿಲ್ಲಿನಲ್ಲೇ ತೀರಿಸಿ ಎಂದರು. ಬಡ್ಡಿ ಹೆಚ್ಚು, ನಿಯಮ ಗೋಜಲು. ಸಾಲ ಪಡೆದ ಮನೆಗಳು ಸುಮಾರು 14 ಸಾವಿರ. 2015ರಲ್ಲಿ ಸರ್ಕಾರವೇ ಹಣ ನಿಲ್ಲಿಸಿತು.

ಹಾಗಾದರೆ ನಮ್ಮ ಅರಸೀಕೆರೆ, ಬೇಲೂರು ತಾಲ್ಲೂಕಿಗೆ ಏನು ಬೇಕು? ನನ್ನ ಬೇಡಿಕೆ ಮೂರು.

ಒಂದು, ತಾಲ್ಲೂಕಿಗೊಂದು ಮನೆ ಇಂಧನ ಸೇವಾ ಕೇಂದ್ರ. ಅದು ಏನನ್ನೂ ಮಾರಬಾರದು. ಮನೆಗೆ ಬಂದು ನೋಡಿ, ಮೊದಲು ಏನು ಮಾಡಬೇಕು, ಯಾವುದು ಬೇಡ, ಖರ್ಚೆಷ್ಟು ಎಂದು ಬರೆದುಕೊಡಬೇಕು. ಖಾತೆ, ಮೀಟರ್ ಹೆಸರು ಬದಲಾವಣೆ, ಅರ್ಜಿ ಎಲ್ಲಕ್ಕೂ ಅಲ್ಲೇ ಸಹಾಯ ಸಿಗಬೇಕು.

ಎರಡು, ಗಳಿಕೆಗೆ ಹೊಂದುವ ಕಂತು. ನಮ್ಮೂರಿನಲ್ಲಿ ಸಂಬಳ ಬರುವ ಮನೆ ಕಡಿಮೆ, ಹಾಲಿನ ಬಟವಾಡೆ ಬರುವ ಮನೆ ಹೆಚ್ಚು. ಡೇರಿಯಲ್ಲಿ ಪಶು ಆಹಾರದ ಹಣವನ್ನು ಹಾಲಿನ ದುಡ್ಡಿನಲ್ಲೇ ಹಿಡಿದುಕೊಳ್ಳುತ್ತಾರೆ. ಫ್ಯಾನಿನ ಕಂತನ್ನೂ ಹಾಗೆಯೇ ಹಿಡಿದುಕೊಳ್ಳಬಹುದು. ತೆಂಗಿನ ತೋಟವಿದ್ದವರು ಕೊಬ್ಬರಿ ಮಾರಿದಾಗ ಕಟ್ಟಲಿ.

ಮೂರು, ಈ ಕೆಲಸಕ್ಕೆ ನಮ್ಮನ್ನು ಬಳಸಿಕೊಳ್ಳಿ. ವಿಟಿಯುನಲ್ಲಿ ಬಿಇ ಮುಗಿಸಲು ನಾವು 100 ಎಐಸಿಟಿಇ ಚಟುವಟಿಕೆ ಅಂಕ ಗಳಿಸಬೇಕು. ಬಹಳಷ್ಟು ಜನ ಅದನ್ನು ಸಸಿ ನೆಟ್ಟ ಫೋಟೊ, ಸರ್ಟಿಫಿಕೇಟ್‌ಗಳಲ್ಲಿ ಮುಗಿಸುತ್ತೇವೆ. ನಾನೂ ಹಾಗೆಯೇ ಅಂಕ ಪಡೆದಿದ್ದೇನೆ. ಅದರ ಬದಲು ಪ್ರತಿ ವಿದ್ಯಾರ್ಥಿ ಹತ್ತು ಮನೆಗಳ ತಪಾಸಣೆ ಮಾಡಿದರೆ ಹೇಗೆ? ಆ ವರದಿ ಹಿಡಿದು ದುರಸ್ತಿ ಮಾಡಲು ವೈರ್‌ಮನ್, ಗಾರೆ ಕೆಲಸದವರು, ಪ್ಲಂಬರ್‌ಗಳು ಬೇಕು. ನನ್ನ ಜೊತೆ ಹೈಸ್ಕೂಲ್ ಓದಿ ಐಟಿಐ ಮುಗಿಸಿದವರು ಭಾನುವಾರ ಸಂಜೆ ಅರಸೀಕೆರೆ ಸ್ಟೇಷನ್‌ನಲ್ಲಿ ಬ್ಯಾಗ್ ಹಿಡಿದು ಬೆಂಗಳೂರು ರೈಲಿಗೆ ಕಾಯುತ್ತಾರೆ. ಹಳ್ಳಿಯ ಸೂರು ಸರಿಮಾಡುವ ಕೆಲಸವನ್ನು ಬೆಂಗಳೂರಿನಲ್ಲಿ ಕೂತು ಮಾಡಲಾಗದು. ಅದು ಊರಿನಲ್ಲೇ ಉಳಿಯುವ ಉದ್ಯೋಗ.

ಪರೀಕ್ಷೆ ಮುಗಿದ ಮರುದಿನ ನಾನೂ ಅಪ್ಪನೂ ಏಣಿ ಹಾಕಿ, ಸುಣ್ಣಕ್ಕೆ ಅಂಟು ಕಲಸಿ, ಅಜ್ಜಿ ಮಲಗುವ ಕೋಣೆಯ ಶೀಟಿನ ಮೇಲೆ ಎರಡು ಕೋಟ್ ಬಳಿದೆವು. ಶೀಟು ತುಳಿದರೆ ಒಡೆಯುತ್ತದೆಂದು ಹಲಗೆ ಹಾಸಿಕೊಂಡು ಕೆಲಸ ಮಾಡಿದೆವು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಪಾಠವನ್ನು ಎಷ್ಟೋ ಸಲ ಬರೆದು ಅಂಕ ಪಡೆದಿದ್ದೆ, ಮಾಡಿ ನೋಡಿದ್ದು ಅದೇ ಮೊದಲು. ಖರ್ಚು ಒಂದು ಹಳೇ ಫ್ಯಾನಿನ ರಿಪೇರಿಗಿಂತ ಹೆಚ್ಚಾಗಲಿಲ್ಲ. ಎರಡು ದಿನ ಬಿಟ್ಟು ಮಧ್ಯಾಹ್ನ ಹೊಂಗೆ ಮರದ ಕೆಳಗೆ ಹೋದರೆ ಚಾಪೆ ಇರಲಿಲ್ಲ. ಅಜ್ಜಿ ಒಳಗೆ ಮಲಗಿದ್ದಳು.

ಮಳೆಗೆ ಆ ಸುಣ್ಣ ತೊಳೆದುಹೋಗುತ್ತದೆ, ಬರುವ ಬೇಸಿಗೆಗೆ ಮತ್ತೆ ಬಳಿಯಬೇಕು. ಮಗಳೋ ಮಗನೋ ಎಂಜಿನಿಯರಿಂಗ್ ಓದುತ್ತಿರುವ ಮನೆಗೆ ಇಷ್ಟಾದರೂ ಆಯಿತು. ಪಕ್ಕದ ಮನೆಯಲ್ಲಿ ಓದುವವರು ಯಾರೂ ಇಲ್ಲ, ಅಲ್ಲಿಯೂ ಒಬ್ಬ ಅಜ್ಜಿ ಇದ್ದಾರೆ. ಅವರ ಸೂರು ಸರಿಯಾಗುವುದು ಅದೃಷ್ಟಕ್ಕೆ ಬಿಟ್ಟ ಮಾತಾಗಬಾರದು.